ಕಡಲ ಗಡಿಯಾರದಲ್ಲಿ ಮೂರೂವರೆ

ವಿಲ್ಡಾ ಡ್ಯೂರಂಟ್ ಮಧ್ಯಾಹ್ನದ ಊಟ ಎಷ್ಟು ಹೊತ್ತಿಗೆ ಮಾಡುತ್ತಾಳೆ ಎಂದು ಲ್ಯಾಂಬ್ಲಿ ಕೋವ್‌ನಲ್ಲಿ ಯಾರನ್ನಾದರೂ ಕೇಳಿ ನೋಡಿ, ನಕ್ಕುಬಿಡುತ್ತಾರೆ. ಸೋಮವಾರ ಹನ್ನೊಂದಕ್ಕೆ ಉಂಡವಳು ಮಂಗಳವಾರ ಹನ್ನೆರಡರ ಹತ್ತಿರ ಉಣ್ಣುತ್ತಾಳೆ. ಶುಕ್ರವಾರ ಬರುವ ಹೊತ್ತಿಗೆ ಎರಡು ಕಳೆದಿರುತ್ತದೆ. ಊರ ಮುಂದಿನ ಫಂಡಿ ಕೊಲ್ಲಿಯಲ್ಲಿ ಉಬ್ಬರದ ನೀರು ದಿನಕ್ಕೆ ಐವತ್ತು ನಿಮಿಷ ತಡವಾಗಿ ಬರುತ್ತದೆ, ಅವಳ ಊಟ, ನಿದ್ದೆ, ಸ್ನಾನ ಎಲ್ಲವೂ ಅದರ ಬೆನ್ನು ಹಿಡಿದು ಜಾರುತ್ತಾ ಹೋಗುತ್ತವೆ. ಎರಡು ವಾರಕ್ಕೊಮ್ಮೆ ಸುತ್ತು ಹೊಡೆದು ಮತ್ತೆ ಹನ್ನೊಂದಕ್ಕೇ ಬಂದು ನಿಲ್ಲುತ್ತವೆ. ಎಪ್ಪತ್ತೊಂದು ವರ್ಷ ಹೀಗೆ ಬದುಕಿದವಳಿಗೆ ಎಚ್ಚರ ಯಾವುದು ಕನಸು ಯಾವುದು ಎನ್ನುವುದರಲ್ಲಿ ಆಗಾಗ ಒಂದಿಷ್ಟು ಗೊಂದಲವಾದರೆ ಅದನ್ನು ತಪ್ಪೆನ್ನಲು ನಾನಂತೂ ಹೋಗುವುದಿಲ್ಲ.

ಅವಳದು ಮೀನುಬೇಲಿ. ಚಳಿಗಾಲದ ಹಿಮಗಡ್ಡೆ ಕರಗಿ ಹೋದ ಮೇಲೆ, ನೀರಿಳಿದ ಕೆಸರಿನಲ್ಲಿ ಗೂಟ ಬಡಿದು, ಗೂಟಗಳ ನಡುವೆ ಬರ್ಚ್ ಮರದ ಟೊಂಗೆ ಹೆಣೆದು, ಮಂಡಿ ಮಡಚಿ ಕೂತವನ ಕಾಲಿನ ಆಕಾರಕ್ಕೆ ದೊಡ್ಡ ಬೇಲಿ ಕಟ್ಟುವುದು. ಉಬ್ಬರ ಬಂದಾಗ ನಾಲ್ಕು ಅಂತಸ್ತಿನ ಮನೆ ಮುಳುಗುವಷ್ಟು ನೀರು ಅದರ ಮೇಲಿರುತ್ತದೆ. ಆರು ಗಂಟೆಯಲ್ಲಿ ಅಷ್ಟೂ ನೀರು ಹೊರಟುಹೋಗುತ್ತದೆ. ಬೇಲಿಯೊಳಗೆ ದಾರಿ ತಪ್ಪಿದ ಮೀನು ಉಳಿಯುತ್ತದೆ. ವಿಲ್ಡಾ ಮೊಣಕಾಲಿನ ಬೂಟು ಹಾಕಿಕೊಂಡು, ಕೈಗಾಡಿ ಎಳೆದುಕೊಂಡು, ಕಡಲ ತಳದ ಮೇಲೆ ಮುಕ್ಕಾಲು ಮೈಲಿ ನಡೆದು ಹೋಗಿ ಅದನ್ನು ತುಂಬಿಕೊಂಡು ಬರುತ್ತಾಳೆ. ಮಂಜು ಕವಿದ ದಿನ ಮುಂದೆ ದಡವೂ ಕಾಣುವುದಿಲ್ಲ, ಹಿಂದೆ ಬೇಲಿಯೂ ಕಾಣುವುದಿಲ್ಲ. ಹಾಗೆ ನಡೆಯುವಾಗ ಅವಳಿಗೆ ತಾನು ಯಾರದೋ ನಿದ್ದೆಯೊಳಗೆ ನಡೆಯುತ್ತಿದ್ದೇನೆ ಅನ್ನಿಸುತ್ತಿತ್ತಂತೆ. ದಂಡೆಯ ಮೇಲೆ ಒಂದು ಕಾಲಕ್ಕೆ ಹದಿನಾಲ್ಕು ಬೇಲಿಗಳಿದ್ದವು. ಈಗ ಉಳಿದಿರುವುದು ಅವಳದೊಂದೇ.

ಆ ನೀರಿನಿಂದ ದೀಪ ಉರಿಸಬಹುದು ಎಂದು ಅವಳ ತಲೆಗೆ ತುಂಬಿದವನು ಅಪ್ಪ ಎಲ್ಲಿಸ್. ಬೇಲಿಯ ತುದಿಯಲ್ಲಿ ನಿಂತು ಎಡಕ್ಕೆ ನೋಡಿದರೆ ಕೊಲ್ಲಿಯ ಬಾಯಿ ಕಾಣುತ್ತದೆ. ಎರಡು ಕರಿಗಲ್ಲಿನ ಗುಡ್ಡಗಳ ನಡುವೆ ಇಕ್ಕಟ್ಟಾದ ಹಾದಿ. ಜಗತ್ತಿನ ನದಿಗಳೆಲ್ಲ ಸೇರಿದರೂ ಅಷ್ಟು ನೀರಾಗದು ಎಂದು ಎಲ್ಲಿಸ್ ಹೇಳುತ್ತಿದ್ದ. "ಎತ್ತಿನ ಹಾಗೆ ದಿನಕ್ಕೆರಡು ಸಲ ಹೋಗುತ್ತೆ, ಎರಡು ಸಲ ಬರುತ್ತೆ, ಸುಮ್ಮನೆ! ಒಬ್ಬನಾದ್ರೂ ನೊಗ ಕಟ್ಟಬಾರದಾ!" ಎಂದು ಕೊರಗುತ್ತಿದ್ದ. ಮಗಳು ರಾತ್ರಿ ಅದನ್ನೇ ಕನಸು ಕಾಣುತ್ತಿದ್ದಳು. ನೀರಿನದೇ ಬಣ್ಣದ ಸಾವಿರ ಎತ್ತುಗಳು ಗುಡ್ಡಗಳ ನಡುವೆ ತಲೆ ತಗ್ಗಿಸಿ ಬರುತ್ತವೆ, ಅವು ಹಾದುಹೋದ ಕಡೆಯೆಲ್ಲ ಕಿಟಕಿಗಳಲ್ಲಿ ದೀಪ ಹತ್ತುತ್ತದೆ. ಆ ಕನಸು ಅವಳಿಗೆ ಮದುವೆಯಾದ ಮೇಲೂ ಬೀಳುತ್ತಿತ್ತು. ಗಂಡ ಕಾರ್ಮನ್ ಕಲ್ಲಿದ್ದಲಿನ ವಿದ್ಯುತ್ ಸ್ಥಾವರದಲ್ಲಿ ಬೂದಿ ಬಾಚುವ ಕೆಲಸಕ್ಕಿದ್ದ. ಐವತ್ತೆಂಟಕ್ಕೇ ಉಸಿರು ಸಿಗದೆ ಸತ್ತ. ಕೊನೆಯ ಚಳಿಗಾಲವೆಲ್ಲ ಅವನು ಕೂತೇ ನಿದ್ದೆ ಮಾಡಿದ. ಆಮೇಲೆ ಅವಳಿಗೆ ಆ ಕನಸು ಬರೀ ಕನಸಾಗಿ ಉಳಿಯಲಿಲ್ಲ, ಹಟವಾಯಿತು. ಈ ಕಣ್ಣಲ್ಲಿ ನೋಡಿಯೇ ಸಾಯಬೇಕು ಎಂದುಕೊಂಡಳು.

ಹಾಗಾಗಿ ಒಂದು ಕಂಪನಿ ಬಂದು, ಮೂರು ಮಹಡಿ ಎತ್ತರದ ಟರ್ಬೈನನ್ನು ಕೊಲ್ಲಿಯ ಬಾಯಿಯ ತಳಕ್ಕೆ ಇಳಿಸುತ್ತೇವೆ ಎಂದಾಗ ಊರಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ವಿಲ್ಡಾ. ಏಡಿ ಹಿಡಿಯುವವರು ಗೊಣಗಿದರು, ಅವರಿಗೂ ಬೈದಳು. ಅವಳ ತಮ್ಮ ಮರ್ಡಕ್‌ಗೆ ಕಂಪನಿಯ ದೋಣಿಯಲ್ಲಿ ಕೆಲಸ ಸಿಕ್ಕಿತು. ಅರವತ್ತಮೂರರ ಆ ಮನುಷ್ಯ ಕಂಪನಿ ಕೊಟ್ಟ ನೀಲಿ ಜಾಕೆಟ್ಟನ್ನು ಚರ್ಚಿಗೂ ಹಾಕಿಕೊಂಡು ಹೋಗುತ್ತಿದ್ದ, ಅದೇನು ಸಂಭ್ರಮವೋ!

ಟರ್ಬೈನ್ ನೋಡಿಕೊಳ್ಳಲು ಬಂದ ಎಂಜಿನಿಯರ್ ಓಡಿಲ್ ಎಂಬ ಹುಡುಗಿ. ನ್ಯೂ ಬ್ರನ್ಸ್‌ವಿಕ್‌ನ ಉತ್ತರದ ಕರಾವಳಿಯ, ಫ್ರೆಂಚ್ ಮಾತಾಡುವ ಅಕೇಡಿಯನ್ ಮೀನುಗಾರರ ಮನೆಯವಳು. ಇಪ್ಪತ್ತೊಂಬತ್ತು ವರ್ಷ, ಸದಾ ಹಸಿವು. ಮೀನಿನ ಬಗ್ಗೆ ಕೇಳಲು ವಿಲ್ಡಾಳ ಮನೆಗೆ ಬಂದವಳು ಮೀನಿನ ಗಂಜಿ, ಕಾಕಂಬಿ ಹಾಕಿದ ಕಂದು ಬ್ರೆಡ್ಡು ತಿಂದು ಅಲ್ಲೇ ಬೇರೂರಿದಳು. ಇಬ್ಬರಿಗೂ ಮಾತೆಂದರೆ ಕೊಲ್ಲಿಯ ನೀರಿನದೇ ಮಾತು.

"ಗಾಳಿ ಇವತ್ತು ಬೀಸುತ್ತೆ, ನಾಳೆ ಇಲ್ಲ. ಬಿಸಿಲಂತೂ ಈ ಊರಲ್ಲಿ ಕೇಳ್ಲೇಬೇಡಿ," ಅನ್ನುತ್ತಿದ್ದಳು ಓಡಿಲ್. "ಈ ನೀರು ಮಾತ್ರ ನೂರು ವರ್ಷ ಆದ್ಮೇಲೆ ಯಾವ ದಿನ ಎಷ್ಟು ಹೊತ್ತಿಗೆ ಬರುತ್ತೆ ಅಂತ ಈಗ್ಲೇ ಹೇಳ್ಬಹುದು. ಇನ್ನೂ ಹನ್ನೊಂದು ಟರ್ಬೈನ್ ಇಳಿಸಿದ್ರೆ ಆ ಕಲ್ಲಿದ್ದಲಿನ ಸ್ಥಾವರದ ಒಲೆ ಆರಿಸ್ಬಹುದು."

"ಹಾಗಿದ್ರೆ ಇಳಿಸ್ರೇ! ಯಾರು ಕೈ ಹಿಡ್ಕೊಂಡಿದಾರೆ?"

"ಖರ್ಚು. ಗಾಳಿ ಯಂತ್ರದ ಮೂರರಷ್ಟು ಬೀಳುತ್ತೆ. ಈ ನೀರು ಕಬ್ಬಿಣಾನೂ ಮುರಿದು ಹಾಕುತ್ತೆ, ನೋಡಿದ್ರಲ್ಲ, ಮೇ ತಿಂಗಳಲ್ಲಿ ಎರಡು ರೆಕ್ಕೆ ಹೋಯ್ತು. ಮುಳುಗಿ ನೋಡೋಣ ಅಂದ್ರೆ ನೀರು ನಿಲ್ಲೋದು ಕಾಲು ಗಂಟೆ. ಕ್ಯಾಮೆರಾ ಇಟ್ರೆ ಕೆಸರು ಬಿಟ್ಟು ಇನ್ನೇನೂ ಕಾಣಲ್ಲ. ಅದಕ್ಕಿಂತ ದೊಡ್ಡದು ಮೀನು. ರೆಕ್ಕೆ ಮೀನಿಗೆ ಹೊಡೆಯುತ್ತೋ ಇಲ್ವೋ ಅಂತ ಅನುಮತಿ ಕೊಡೋ ಮಂಡಳಿಯವರು ಕೇಳ್ತಾರೆ. ನಮಗೆ ಗೊತ್ತಿಲ್ಲ, ವಿಲ್ಡಾ. ನಿಜವಾಗ್ಲೂ ಗೊತ್ತಿಲ್ಲ."

ಅದಕ್ಕೇ ಓಡಿಲ್ ಕೇಳಿಕೊಂಡದ್ದು. ಬೇಲಿಗೆ ಬಿದ್ದ ಮೀನನ್ನು ವಿಲ್ಡಾ ಮೊದಲಿನಿಂದಲೂ ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದಳು. ಆ ಬೇಸಿಗೆ ಗಾಯವಾದ ಮೀನು ಕಂಡರೆ ಅದನ್ನೂ, ಕಂಡ ಹೊತ್ತನ್ನೂ ಬರೆಯಬೇಕು, ಅಷ್ಟೆ. ಅದಕ್ಕೇನು, ಬರೆದಳು.

ಜೂನ್ ತಿಂಗಳು ಶ್ಯಾಡ್ ಮೀನು ಕೊಲ್ಲಿಗೆ ಬರುವ ಕಾಲ. ಮೊಳಕೈಯುದ್ದದ ಬೆಳ್ಳಿ ಮೀನು, ಹಿಂಡು ಹಿಂಡಾಗಿ ಮೊಟ್ಟೆಯಿಡಲು ನದಿಗಳಿಗೆ ಹೋಗುತ್ತದೆ. ಆ ಬೇಸಿಗೆ ಟರ್ಬೈನ್ ತಿರುಗಿದ್ದು ಒಟ್ಟು ಹನ್ನೊಂದು ದಿನ, ಉಳಿದ ದಿನವೆಲ್ಲ ದುರಸ್ತಿ. ಶ್ಯಾಡ್ ಬರುವುದಕ್ಕೂ ಯಂತ್ರ ತಿರುಗುವುದಕ್ಕೂ ತಾಳೆಯಾದದ್ದು ಒಂದೇ ದಿನ. ಆ ದಿನ ಸಂಜೆಯ ಕಡೆ ವಿಲ್ಡಾ ಬೇಲಿಯಿಂದ ಗಾಡಿ ತಿರುಗಿಸುತ್ತಿದ್ದಳು. ಕೊಲ್ಲಿಯ ಬಾಯಿಯ ಕಡೆಯಿಂದ ಹೊಸ ಉಬ್ಬರದ ಮೊದಲ ನೀರು ಪಾದ ಮುಳುಗುವಷ್ಟು ಬಂತು. ನೀರಿನ ಜೊತೆಗೆ ಏಳು ಶ್ಯಾಡ್ ಮಗುಚಿಕೊಂಡು ತೇಲುತ್ತಾ ಬಂದವು. ಸೀಲ್ ಎಂಬ ಕಡಲ ಪ್ರಾಣಿ ಕಚ್ಚಿದರೆ ಹೊಟ್ಟೆ ಹರಿದು ಚಿಂದಿಯಾಗಿರುತ್ತದೆ. ಇವಕ್ಕೆ ಬೆನ್ನ ಮೇಲೆ ಓರೆಯಾಗಿ ಒಂದೊಂದೇ ಗೆರೆ, ಚಾಕುವಿನಲ್ಲಿ ಎಳೆದ ಹಾಗೆ. ಒಂದರ ಕಿವಿರು ಇನ್ನೂ ಆಡುತ್ತಿತ್ತು. ಅವಳು ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಅದರ ಉಸಿರು ನಿಲ್ಲುವ ತನಕ ಸುಮ್ಮನೆ ನಿಂತಿದ್ದಳು. ನೀರು ಮೊಣಕಾಲಿಗೆ ಬಂತು. ಆಮೇಲೆ ಮನೆಗೆ ಬಂದು, ಒಲೆಯ ಪಕ್ಕದ ಗಡಿಯಾರ ನೋಡಿ, ನಡೆದು ಬಂದ ಹೊತ್ತು ಕಳೆದು ಬರೆದಳು: ಮೂರೂವರೆ, ಶ್ಯಾಡ್ ಏಳು, ಕುಯ್ದ ಗಾಯ.

ಯಂತ್ರದ್ದೇ ಇರಬಹುದು ಎಂದು ಅವಳಿಗೆ ಅನ್ನಿಸಿತು. ಆದರೆ ಯಾರಿಗೂ ಹೇಳಲಿಲ್ಲ. ಪುಸ್ತಕದಲ್ಲಿ ಬರೆದಾಯಿತಲ್ಲ, ಓದುವವರು ಓದಿಕೊಳ್ಳುತ್ತಾರೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಸೆಪ್ಟೆಂಬರಿನಲ್ಲಿ ಓಡಿಲ್ ಬಂದು ಅಡುಗೆಮನೆಯ ಮೇಜಿನ ಮೇಲೆ ಪುಸ್ತಕದ ಹಾಳೆಗಳ ಫೋಟೋ ತೆಗೆದುಕೊಂಡಳು. ಆ ಪುಟಕ್ಕೆ ಬಂದಾಗ ಅವಳ ಮುಖ ಬಿಳಚಿಕೊಂಡಿತು. ತನ್ನ ಲ್ಯಾಪ್‌ಟಾಪ್ ತೆರೆದು ನೋಡಿದಳು. ನೋಡಿದವಳೇ ಕುರ್ಚಿಯಿಂದ ಎದ್ದು ವಿಲ್ಡಾಳನ್ನು ತಬ್ಬಿಕೊಂಡಳು.

"ಜೀವ ಹೋಗಿತ್ತು ನಂಗೆ! ಆ ದಿನ ತಪಾಸಣೆಗೆ ಅಂತ ರೆಕ್ಕೆಗೆ ಬೀಗ ಹಾಕಿದ್ವಿ. ಬಿಟ್ಟಿದ್ದು ನಾಲ್ಕು ಗಂಟೆಗೆ. ನಿಮ್ಮ ಮೀನು ಬಂದಿದ್ದು ಮೂರೂವರೆಗೆ. ಅಂದ್ರೆ ನಮ್ಮದಲ್ಲ! ಸೀಲೋ, ಯಾವುದಾದ್ರೂ ದೋಣಿಯೋ. ಇಷ್ಟು ಸಾಕು, ಮಂಡಳಿ ಹನ್ನೊಂದಕ್ಕೂ ಹೂಂ ಅನ್ನುತ್ತೆ ನೋಡಿ!"

ವಿಲ್ಡಾ ಒಲೆಯ ಕಡೆ ತಿರುಗಿ ನಿಂತಿದ್ದಳು. ಗಂಜಿ ಕಲಕುತ್ತಿದ್ದ ಕೈ ನಿಂತುಹೋಯಿತು.

ವಿಷಯ ಇಷ್ಟೆ. ವಸಂತ ಬಂದ ಕೂಡಲೇ, ಸಂಜೆಯ ಬೆಳಕು ಹೆಚ್ಚು ಸಿಗಲೆಂದು, ದೇಶವೆಲ್ಲ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತದೆ. ಕಡಲು ತಿರುಗಿಸುವುದಿಲ್ಲ. ಉಬ್ಬರ ಇಳಿತದ ಪಟ್ಟಿಯೂ ಹಳೆಯ ಹೊತ್ತಿನಲ್ಲೇ ಅಚ್ಚಾಗುತ್ತದೆ. ಅದಕ್ಕೆ ಗಂಟೆ ಕೂಡಿಸಲು ಮರೆತು ಕೆಸರಿನಲ್ಲಿ ಸಿಕ್ಕಿಬಿದ್ದು ಸತ್ತವರು ನಮ್ಮಲ್ಲಿ ಇದ್ದಾರೆ. ಆದ್ದರಿಂದ ಮೀನುಬೇಲಿಯ ಮನೆಗಳಲ್ಲಿ ಒಲೆಯ ಪಕ್ಕ ಒಂದು ಗಡಿಯಾರವನ್ನು ಯಾವತ್ತೂ ಮುಟ್ಟದೆ ಬಿಡುತ್ತಾರೆ. ಅದು ಕಡಲ ಗಡಿಯಾರ. ಅಂಗಡಿ, ಚರ್ಚು, ಡಾಕ್ಟರಿಗೆಲ್ಲ ಸರ್ಕಾರಿ ಗಡಿಯಾರ. ವಿಲ್ಡಾ ತನ್ನ ಪುಸ್ತಕದಲ್ಲಿ ಬರೆಯುವುದು ಕಡಲ ಗಡಿಯಾರದ ಹೊತ್ತು. ಅವಳ ಮೂರೂವರೆ ಎಂದರೆ ಊರವರ ನಾಲ್ಕೂವರೆ. ರೆಕ್ಕೆ ಬಿಟ್ಟು ಆಗಲೇ ಅರ್ಧ ಗಂಟೆ ಆಗಿತ್ತು.

ಒಂದು ಮಾತು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹೇಳಲಿಲ್ಲ. "ಗಂಜಿ ತಳ ಹತ್ತುತ್ತೆ, ಬಟ್ಟಲು ತಗೊಂಬಾ" ಎಂದಳು. ಓಡಿಲ್ ಎರಡು ಬಟ್ಟಲು ತಿಂದು, ಹಾಡು ಗುನುಗುತ್ತಾ ಹೋದಳು.

ಮಂಡಳಿಯ ಸಭೆಗೆ ಹದಿನಾರು ದಿನವಿತ್ತು. ಆ ಹದಿನಾರು ದಿನ ವಿಲ್ಡಾ ಬೇಲಿಗೆ ಹೋದಳು, ಬಂದಳು, ಹೋದಳು, ಬಂದಳು. ಮಂಜಿನಲ್ಲಿ ನಡೆಯುವಾಗ ತಲೆಯೊಳಗೆ ತಕ್ಕಡಿ ತೂಗುತ್ತಿತ್ತು. ಒಂದು ಕಡೆ ಕಾರ್ಮನ್ ಕೂತು ಉಸಿರಿಗಾಗಿ ಬಾಯಿ ತೆರೆಯುತ್ತಾನೆ. ಅವನಂಥವರು ಎಷ್ಟು ಜನ, ಆ ಹೊಗೆ ಕುಡಿದ ಮಕ್ಕಳು ಎಷ್ಟು. ಕೆಟ್ಟ ಹೊಗೆಯೊಂದು ಇಡೀ ದೇಶದ ಮೇಲಿಂದ ತೊಲಗಿದರೆ ಏಳು ಮೀನು ಯಾವ ಲೆಕ್ಕ? ಇನ್ನೊಂದು ಕಡೆ ಅಂಗೈಯಲ್ಲಿ ಆಡುತ್ತಿದ್ದ ಆ ಕಿವಿರು. ತನ್ನ ಬೇಲಿ ಕಡಲಿನಲ್ಲಿ ಎಷ್ಟಗಲ? ಬಾಗಿಲಷ್ಟು ಅಗಲ. ಬಾಗಿಲಿಗೆ ಏಳು ಬಂದರೆ ಬಯಲಿಗೆ ಎಷ್ಟು ಹೋಗಿರಬೇಕು? ಅದೂ ಒಂದೇ ಟರ್ಬೈನಿಗೆ, ಅರ್ಧ ಗಂಟೆಗೆ. ಹನ್ನೆರಡಾದರೆ? ಮಂಜಿನಲ್ಲಿ ಎತ್ತುಗಳು ಅವಳ ಪಕ್ಕದಲ್ಲೇ ಹಾದುಹೋದ ಹಾಗೆ ಆಗುತ್ತಿತ್ತು. ಈ ಸಲ ಅವುಗಳ ಗೊರಸಿನ ಕೆಳಗೆ ಬೆಳ್ಳಿಯಂಥದ್ದು ಏನೋ ಸಿಕ್ಕಿ ಚಪ್ಪಟೆಯಾಗುತ್ತಿತ್ತು. ಅವಳು ನಿಂತು ಕಣ್ಣುಜ್ಜಿಕೊಂಡು ಮತ್ತೆ ನಡೆಯುತ್ತಿದ್ದಳು.

ಸಭೆಗೆ ಎರಡು ದಿನವಿದ್ದಾಗ ಮರ್ಡಕ್ ಬಂದ. ಬಾಗಿಲು ತಟ್ಟದೆ ನುಗ್ಗುವವನು, ಅವತ್ತು ತಟ್ಟಿದ.

"ಓಡಿಲ್ ಹೇಳಿದ್ಳು, ಮೂರೂವರೆ ಅಂತ ಬರೆದಿದ್ದೀಯಂತೆ."

"ಹೂಂ."

"ಯಾವ ಮೂರೂವರೆ ಅಂತ ನಂಗೆ ಗೊತ್ತಿಲ್ವಾ ಅಕ್ಕ? ನಾನೂ ಈ ಮನೇಲೇ ಹುಟ್ಟಿದೋನು." ಅವನು ಜಾಕೆಟ್ಟಿನ ಜಿಪ್ಪನ್ನು ಮೇಲೆ ಕೆಳಗೆ ಎಳೆಯುತ್ತಿದ್ದ. "ನಾನು ಯಾರಿಗೂ ಹೇಳಿಲ್ಲ. ನೀನೂ ಹೇಳ್ಬೇಡ."

"ಯಾಕೆ, ಜಾಕೆಟ್ಟು ಬಿಚ್ಚಿಸ್ತಾರೆ ಅಂತಾನಾ?"

"ಅಣಕಿಸ್ಬೇಡ್ವೇ! ನಾಲ್ಕು ವರ್ಷ ಮನೇಲಿ ಕೂತಿದ್ದೆ ನಾನು, ನೆನಪಿದ್ಯಾ? ಹೆಂಡ್ತಿ ಮುಖ ನೋಡಕ್ಕೆ ನಾಚ್ಕೆ ಆಗ್ತಿತ್ತು. ಇಷ್ಟಕ್ಕೂ ಈ ಯಂತ್ರ ಬೇಕು ಬೇಕು ಅಂತ ಊರೆಲ್ಲ ಕಿವಿ ಚಿಟ್ಟು ಹಿಡಿಸಿದ್ದು ಯಾರು? ನಾನಾ ನೀನಾ?"

ವಿಲ್ಡಾ ಒಲೆಯ ಮೇಲೆ ನೀರಿಟ್ಟಳು. ಅವನಿಗೆ ಚಹಾ ಕೊಟ್ಟಳು. ಅವನು ಕುಡಿಯದೆ ಎದ್ದು ಹೋದ. ಲೋಟದ ಮುಂದೆ ಕೂತು ಅವಳು ಅತ್ತುಬಿಟ್ಟಳು, ಸುಳ್ಳೇಕೆ ಹೇಳಲಿ. ತಮ್ಮನ ಅನ್ನಕ್ಕೆ ಕಲ್ಲು ಹಾಕಬೇಕು, ಇಲ್ಲವೇ ತಾನೇ ಬರೆದದ್ದನ್ನು ಸುಳ್ಳಾಗಲು ಬಿಡಬೇಕು.

ಸಭೆ ಅಗ್ನಿಶಾಮಕ ದಳದ ಹಾಲ್‌ನಲ್ಲಿ. ಊರಿಗೆ ಊರೇ ಬಂದಿತ್ತು. ಮಂಡಳಿಯ ಅಧ್ಯಕ್ಷೆ ತೆಳ್ಳಗಿನ, ನೆಗಡಿಯಾದ ಹೆಂಗಸು. ಓಡಿಲ್ ಪರದೆಯ ಮೇಲೆ ಚಿತ್ರಗಳನ್ನು ತೋರಿಸುತ್ತಾ ಚೆನ್ನಾಗಿಯೇ ಮಾತಾಡಿದಳು. ಎಷ್ಟು ಮನೆಗೆ ವಿದ್ಯುತ್ತು, ಎಷ್ಟು ಕಲ್ಲಿದ್ದಲು ಉಳಿತಾಯ, ಮೊದಲು ದುಬಾರಿಯಾದರೂ ಮುಂದೆ ಹೇಗೆ ಅಗ್ಗವಾಗುತ್ತದೆ, ಎಲ್ಲ ಹೇಳಿದಳು. ಕೊನೆಗೆ ವಿಲ್ಡಾಳ ಪುಟವನ್ನೇ ಪರದೆಯ ಮೇಲೆ ಹಾಕಿದಳು. ವಿಲ್ಡಾಳ ಕೈಬರಹ ಆಳೆತ್ತರವಾಗಿ ಅವಳೆದುರಿಗೇ ನಿಂತಿತು. ತಾನು ಎದ್ದು ನಿಂತದ್ದು ಅವಳಿಗೇ ಗೊತ್ತಾಗಲಿಲ್ಲ.

"ಆ ಹೊತ್ತು ತಪ್ಪು," ಎಂದಳು. "ಅಂದ್ರೆ ನಾನು ಬರೆದಿದ್ದು ಸರಿ. ನೀವು ಓದಿದ್ದು ತಪ್ಪು. ಅದು ಕಡಲ ಗಡಿಯಾರದ ಮೂರೂವರೆ. ನಿಮ್ಮ ಗಡಿಯಾರದಲ್ಲಿ ನಾಲ್ಕೂವರೆ. ರೆಕ್ಕೆ ತಿರುಗ್ತಿತ್ತು. ಇದನ್ನ ನಾನು ಹದಿನಾರು ದಿನದ ಹಿಂದೇನೇ ಹೇಳ್ಬೇಕಿತ್ತು. ಓಡಿಲ್, ತಪ್ಪಾಯ್ತು ಮಗಳೇ."

ಓಡಿಲ್ ಪರದೆಯ ಕಡೆ ತಿರುಗಿ ಆ ಸಾಲನ್ನು ಮತ್ತೆ ಓದಿದಳು. ಕಂಪನಿಯ ವಕೀಲ ಎದ್ದ. ಒಳ್ಳೆಯ ಮಾತಿನ ಮನುಷ್ಯ, ಮಾತಿನಲ್ಲಿ ಬೆಣ್ಣೆ. "ಅಮ್ಮ, ಪುಸ್ತಕದಲ್ಲಿ ಎಲ್ಲಿಯೂ ಕಡಲ ಗಡಿಯಾರ ಅಂತ ಬರೆದಿಲ್ಲವಲ್ಲ?"

"ನಾನೇ ಬರೆದು ನಾನೇ ಓದೋ ಪುಸ್ತಕ. ನಂಗೆ ನಾನೇ ಯಾಕಪ್ಪ ವಿವರಿಸ್ಲಿ?"

ಜನ ನಕ್ಕರು. ವಕೀಲನೂ ನಕ್ಕ. "ಅದು ಸರಿ. ಆದರೆ ಮೂರು ತಿಂಗಳಾದ ಮೇಲೆ ಇಲ್ಲಿ ಬಂದು ಹೊತ್ತು ಬದಲಾಯಿಸಿದರೆ ಮಂಡಳಿ ಹೇಗೆ ನಂಬಬೇಕು? ಅಂಥದೊಂದು ಗಡಿಯಾರವಿದೆ, ನೀವು ಯಾವಾಗಲೂ ಅದನ್ನೇ ನೋಡಿ ಬರೆಯುತ್ತೀರಿ ಅಂತ ಬೇರೆ ಯಾರಾದರೂ ಹೇಳಬಲ್ಲರೇ?"

ಬೇಲಿ ಕಟ್ಟುತ್ತಿದ್ದವರೆಲ್ಲ ಸತ್ತು ಸ್ಮಶಾನ ಸೇರಿದ್ದರು. ಅವರ ಮಕ್ಕಳಿಗೆ ಏಡಿ ದೋಣಿ, ಪಟ್ಟಣದ ಕೆಲಸ. ಅಜ್ಜಿಯ ಮನೆಯಲ್ಲಿ ಎರಡು ಗಡಿಯಾರ ನೋಡಿದ ನೆನಪು ಒಬ್ಬಿಬ್ಬರಿಗೆ ಇದ್ದಿರಬಹುದು, ಈ ಮನೆಯ ಪುಸ್ತಕದ ವಿಷಯ ಅವರಿಗೇನು ಗೊತ್ತು? ವಿಲ್ಡಾ ಹಿಂದಕ್ಕೆ ತಿರುಗಿ ನೋಡಲಿಲ್ಲ. ತಮ್ಮ ಚಹಾದ ಡ್ರಮ್ಮಿನ ಪಕ್ಕ ನಿಂತಿದ್ದಾನೆ ಎಂದು ಗೊತ್ತಿತ್ತು. ನೋಡಿದರೆ ಕೇಳಿದ ಹಾಗಾಗುತ್ತದೆ, ಕೇಳಬಾರದು ಎಂದು ಎದುರಿನ ಗೋಡೆಯನ್ನೇ ದಿಟ್ಟಿಸಿದಳು.

"ಇದೆ," ಎಂದಿತು ಹಿಂದಿನಿಂದ ಒಂದು ದನಿ.

ಮರ್ಡಕ್ ನೀಲಿ ಜಾಕೆಟ್ಟಿನಲ್ಲೇ ಮುಂದೆ ಬಂದ. ಮುಖ ಕೆಂಪಗಾಗಿತ್ತು. "ನಾನು ಇವಳ ತಮ್ಮ. ಆ ಗಡಿಯಾರ ಒಲೆ ಪಕ್ಕ ಇದೆ. ಏಳು ವರ್ಷದವನಿದ್ದಾಗ ನಾನು ಅದನ್ನ ಮುಂದಕ್ಕೆ ತಿರುಗಿಸಿದ್ದೆ, ಅಪ್ಪ ಬೆನ್ನಿಗೆ ಬಾಸುಂಡೆ ಬರೋ ಹಾಗೆ ಬಾರಿಸಿದ್ರು. ಆಮೇಲೆ ಯಾರೂ ಮುಟ್ಟಿಲ್ಲ. ಪುಸ್ತಕದಲ್ಲಿ ಬರೆಯೋದು ಅದನ್ನ ನೋಡ್ಕೊಂಡೇ, ಅಪ್ಪನ ಕಾಲದಿಂದ." ಜಾಕೆಟ್ಟಿನ ಜಿಪ್ಪನ್ನು ಕತ್ತಿನವರೆಗೆ ಎಳೆದುಕೊಂಡ. "ಇನ್ನೊಂದು. ಆ ದಿನ ದೋಣಿಯಿಂದ ರೆಕ್ಕೆ ಬೀಗ ಬಿಟ್ಟಿದ್ದು ನಾನೇ. ಸರಿಯಾಗಿ ನಾಲ್ಕಕ್ಕೆ. ಸರ್ಕಾರಿ ನಾಲ್ಕಕ್ಕೆ."

ವಕೀಲ ಕೂತ. ಅಧ್ಯಕ್ಷೆ ಮೂಗೊರೆಸಿಕೊಂಡು, "ಹಾಗಾದರೆ ನೀವು ಈ ಯೋಜನೆಗೆ ವಿರೋಧ ಅಂತ ಬರೆದುಕೊಳ್ಳಲೇ?" ಎಂದು ವಿಲ್ಡಾಳನ್ನು ಕೇಳಿದಳು.

ಆಗ ನೋಡಿ ಅವಳಿಗೆ ಸಿಟ್ಟು ಬಂದದ್ದು. "ಯಾರ್ರೀ ಹೇಳಿದ್ದು ವಿರೋಧ ಅಂತ? ನಂಗೆ ಬೇಕು ಅದು! ಈ ಹಾಲ್‌ನಲ್ಲಿ ನನ್ನಷ್ಟು ಯಾರಿಗೂ ಬೇಕಾಗಿಲ್ಲ. ನನ್ನ ಗಂಡನ್ನ ಕಲ್ಲಿದ್ದಲು ತಿಂದಿದೆ. ಬೇಡವಾಗಿದ್ರೆ ಬಾಯಿ ಮುಚ್ಕೊಂಡು ಕೂತಿರ್ತಿದ್ದೆ. ನೀವು ಹನ್ನೊಂದನ್ನೂ ಇಳಿಸ್ತಿದ್ರಿ, ಎರಡು ವರ್ಷದಲ್ಲಿ ಮೀನೆಲ್ಲ ಸತ್ತು ದಂಡೆ ನಾರ್ತಿತ್ತು, ಜನ ಬಂದು ಎಲ್ಲಾನೂ ಕಿತ್ತು ಹಾಕ್ತಿದ್ರು. ಆಮೇಲೆ ನೂರು ವರ್ಷ ಈ ನೀರಿನ ಹತ್ರ ಯಾರೂ ಸುಳೀತಿರಲಿಲ್ಲ. ಸರಿಯಾಗಿ ಮಾಡಿ ಅಂತ ಹೇಳ್ತಿದೀನಿ. ಬೇಡ ಅಂತಲ್ಲ."

ಮಂಡಳಿಯ ತೀರ್ಪು ಅಕ್ಟೋಬರಿನಲ್ಲಿ ಬಂತು. ಹನ್ನೊಂದು ಟರ್ಬೈನಿಗೆ ಅನುಮತಿಯಿಲ್ಲ. ಇರುವುದನ್ನೂ ಮೇಲೆತ್ತಬೇಕು. ಮೀನು ಎಲ್ಲಿ, ಯಾವಾಗ, ಎಷ್ಟು ಆಳದಲ್ಲಿ ಹಾಯುತ್ತದೆ ಎಂದು ಆರು ವರ್ಷ ಅಧ್ಯಯನ ಮಾಡಿ ಮತ್ತೆ ಬರಬೇಕು. ಓಡಿಲ್ ಅಧ್ಯಯನದ ತಂಡಕ್ಕೆ ಸೇರಿದಳು. ಮೂರು ವಾರ ಮುಖ ಊದಿಸಿಕೊಂಡಿದ್ದು, ಆಮೇಲೆ ಒಂದು ದಿನ ಹಸಿದುಕೊಂಡು ಬಂದಳು. ಮರ್ಡಕ್‌ನ ಕೆಲಸ ಹೋಯಿತು. ಅವನು ಅಕ್ಕನ ಮನೆ ಕಡೆ ತಲೆಹಾಕಲಿಲ್ಲ.

ಟರ್ಬೈನನ್ನು ಮೇಲೆತ್ತುವ ದಿನ ವಿಲ್ಡಾ ಗುಡ್ಡದ ಅಂಚಿಗೆ ಹೋಗಿ ಕೂತಳು. ತೆಳ್ಳಗೆ ಮಂಜಿತ್ತು. ನೀರು ನಿಂತ ಆ ಕಾಲು ಗಂಟೆಯಲ್ಲಿ ಕ್ರೇನಿನ ಸರಪಳಿಗಳು ಮೆಲ್ಲಗೆ ಸುತ್ತಿಕೊಂಡವು. ಕಪ್ಪನೆಯ ಭಾರಿ ಚಕ್ರವೊಂದು ಕಡಲಿನಿಂದ ಎದ್ದು ಬಂತು. ಮೈತುಂಬ ನೀರು ಸುರಿಯುತ್ತಿತ್ತು. ಜೀವಮಾನವೆಲ್ಲ ಕಾದದ್ದನ್ನು ಅವಳು ಕಣ್ಣಾರೆ ಕಂಡದ್ದು ಅವತ್ತೇ, ಅದು ಹೊರಟು ನಿಂತಾಗ. ಎಷ್ಟು ಚೆನ್ನಾಗಿದೆ ಅನ್ನಿಸಿತು.

ಪಕ್ಕದಲ್ಲಿ ಯಾರೋ ಬಂದು ಕೂತರು. ಮರ್ಡಕ್. ಹಳೆಯ ಉಣ್ಣೆ ಅಂಗಿ ಹಾಕಿಕೊಂಡಿದ್ದ.

"ಆರು ವರ್ಷ ಅಂದ್ರೆ ನಿಂಗೆ ಎಪ್ಪತ್ತೇಳು," ಎಂದ.

"ಕೂಡೋದಕ್ಕೆ ಬರುತ್ತೆ ನಿಂಗೆ, ಪರವಾಗಿಲ್ಲ."

"ನನ್ನ ಕೆಲಸ ಹೋಗಿದ್ದಕ್ಕಲ್ಲ ಕಣೇ ನಂಗೆ ಕೋಪ. ಅದು ಇನ್ನೊಂದು ಸಿಗುತ್ತೆ, ಸಿಗದಿದ್ರೆ ನಿನ್ನ ಬೇಲಿ ಇದೆ. ಅಷ್ಟ್ರೊಳಗೆ ನೀನು ಹೋಗ್ಬಿಟ್ರೆ? ನೀನು ನೋಡ್ಬೇಕಿತ್ತಲ್ಲೇ ಅದನ್ನ." ಅವನು ಪಕ್ಕದ ಹುಲ್ಲು ಕಿತ್ತು ಎಸೆದ. "ಅದಕ್ಕೇ ಕಣೇ ಅವತ್ತು ಹೇಳ್ಬೇಡ ಅಂದಿದ್ದು."

ವಿಲ್ಡಾ ಅವನ ಮುಖ ನೋಡಿದಳು. ಆಮೇಲೆ ಅವನ ತೋಳು ಹಿಡಿದುಕೊಂಡು ಜೋರಾಗಿ ಅತ್ತಳು. ಸಣ್ಣ ಮಗು ಅತ್ತ ಹಾಗೆ, ನಾಚಿಕೆಯಿಲ್ಲದೆ. ಅವನು ಅತ್ತಿತ್ತ ನೋಡುತ್ತಾ ಕೂತಿದ್ದ. ದೂರದಲ್ಲಿ ಕಂಪನಿಯ ದೋಣಿಗಳು ಚಕ್ರವನ್ನು ಎಳೆದುಕೊಂಡು ಕೊಲ್ಲಿಯ ಬಾಯಿಯಿಂದಾಚೆ ಹೊರಟವು.

"ಇರ್ತೀನಿ ಬಿಡೋ," ಎಂದಳು ಕೊನೆಗೆ, ಮೂಗೊರೆಸಿಕೊಂಡು. "ಏಳು, ಬೇಲಿಗೆ ಹೋಗೋ ಹೊತ್ತಾಯ್ತು. ಗಾಡಿ ನೀನು ಎಳಿ."